ಬಿದ್ದ ಹೆಮ್ಮರಗಳನ್ನು ಕೊಯ್ಯುವ ಯಂತ್ರಗರಗಸಕ್ಕೆ ತಕ್ಕ ಬಾರ್ ಮತ್ತು ಚೈನ್

ಆರಿದ್ರೆ ಮಳೆ ಹಿಡಿದು ಆಶ್ಲೇಷೆ ಮುಗಿಯುವವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಬೇರು ಸಡಿಲಿ ಮರಗಳು ಉರುಳುವುದು ಪ್ರತಿವರ್ಷದ ಸಂಗತಿಯಾಗಿದೆ. ತೋಟದಂಚಿನ ಹಳೆಯ ಹಲಸೋ ಮತ್ತಿಯೋ ಅಡಿಕೆಯ ಸಾಲಿಗೆ ಅಡ್ಡಬಿದ್ದರೆ ಬಸಿಗಾಲುವೆ ಕಟ್ಟಿ, ನೀರು ನಿಂತು, ಉಳಿದ ಮರಗಳಿಗೂ ಕೇಡು ತಟ್ಟುವುದರಿಂದ ಅದನ್ನು ಬೇಗನೆ ತುಂಡರಿಸಿ ತೆಗೆಯಬೇಕಾಗುತ್ತದೆ. ಹಿಂದೆ ಇಬ್ಬರು ಆಳುಗಳು ಎಳೆಯುವ ಗರಗಸದಿಂದ ದಿನಗಟ್ಟಲೆ ನಡೆಯುತ್ತಿದ್ದ ಈ ಕೆಲಸವು ಈಗ ಯಂತ್ರಗರಗಸದಿಂದ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಬಾರ್ ಮತ್ತು ಚೈನುಗಳ ಆಯ್ಕೆಯಲ್ಲಿ ತಪ್ಪಿದರೆ ಯಂತ್ರವು ಕೆಡುವುದಲ್ಲದೆ ಕೊಯ್ಯುವವನ ಪ್ರಾಣಕ್ಕೂ ಅಪಾಯವುಂಟು.

ಯಂತ್ರದ ಮುಂದೆ ನಾಲಿಗೆಯಂತೆ ಚಾಚಿರುವ ಉಕ್ಕಿನ ಪಟ್ಟಿಗೆ ಬಾರ್ ಎಂದೂ, ಅದರ ಅಂಚಿನ ಸೀಳಿನಲ್ಲಿ ಸುತ್ತುವ ಹಲ್ಲಿನ ಸರಪಳಿಗೆ ಚೈನ್ ಎಂದೂ ಹೆಸರು. ಮರ ಎಷ್ಟು ದಪ್ಪವೋ ಬಾರ್ ಅಷ್ಟೇ ಉದ್ದವಿರಬೇಕೆಂಬ ಭಾವನೆಯು ಜಮೀನುದಾರರಲ್ಲಿ ಬಲವಾಗಿದೆ. ಇದು ಸರಿಯಲ್ಲ. ಹಗ್ಗದಿಂದ ಬೊಡ್ಡೆಯ ಸುತ್ತಳತೆ ತೆಗೆದು ಮೂರರಿಂದ ಭಾಗಿಸಿದರೆ ಅಡ್ಡಳತೆಯು ಸ್ಥೂಲವಾಗಿ ತಿಳಿಯುತ್ತದೆ. 9 ಅಡಿ ಸುತ್ತಳತೆಯ ಹಲಸಿನ ಅಡ್ಡಳತೆ 36 ಅಂಗುಲಕ್ಕೆ ತುಸು ಕಡಿಮೆ. ಇದಕ್ಕೆ 36 ಅಂಗುಲದ ಬಾರ್ ಬೇಕಿಲ್ಲ. 20 ಅಂಗುಲದ ಬಾರಿನಿಂದ ಒಂದು ಮಗ್ಗುಲಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕೊಯ್ದು, ಇನ್ನೊಂದು ಮಗ್ಗುಲಿಗೆ ಬಂದು ಅದೇ ಗೆರೆಯಲ್ಲಿ ಕೊಯ್ದರೆ ತುಂಡು ಬೇರೆಯಾಗುವುದು.

ಬಾರಿನ ಉದ್ದವನ್ನು ನಿಶ್ಚಯಿಸತಕ್ಕದ್ದು ಯಂತ್ರದ ಶಕ್ತಿಯೇ ಹೊರತು ಮರದ ದಪ್ಪವಲ್ಲ. 45ರಿಂದ 50 ಸಿ.ಸಿ. ಯಂತ್ರಕ್ಕೆ 16 ಅಥವಾ 18 ಅಂಗುಲ, 60 ಸಿ.ಸಿ.ಗೆ 20 ಅಂಗುಲ, 70 ಸಿ.ಸಿ.ಗೆ 24 ಅಂಗುಲ ಒಪ್ಪುತ್ತದೆ. 30 ಅಂಗುಲಕ್ಕೆ ಮೇಲ್ಪಟ್ಟ ಬಾರಿಗೆ 90 ಸಿ.ಸಿ.ಯಷ್ಟು ಯಂತ್ರವೇ ಬೇಕು. ಪೇಟೆಯಲ್ಲಿ 58 ಸಿ.ಸಿ. ಯಂತ್ರಕ್ಕೆ 22 ಅಂಗುಲದ ಬಾರ್ ತೊಡಿಸಿ ಮಾರುವುದುಂಟು. ಸಿಲ್ವರ್ ಓಕಿನಂತಹ ಮೆದು ಮರದಲ್ಲಿ ಅದು ಹೇಗೋ ಸಾಗೀತು. ಮತ್ತಿಯಂತಹ ಗಟ್ಟಿ ಮರದಲ್ಲಿ ಚೈನ್ ತಡೆದು ನಿಂತು, ಕ್ಲಚ್ಚು ಕಾದು, ಆಳು ಯಂತ್ರವನ್ನು ಬಲವಾಗಿ ಒತ್ತತೊಡಗುತ್ತಾನೆ. ಅಂತಹ ಮರಕ್ಕೆ ಅದೇ ಯಂತ್ರದಲ್ಲಿ 18 ಅಂಗುಲದ ಬಾರೇ ಲೇಸು.

ಚೈನ್ ಕೊಳ್ಳುವಾಗ ಮೂರು ಅಳತೆಗಳು ಕೂಡಬೇಕು. ಮೊದಲನೆಯದು ಪಿಚ್: ಒಂದಾದಮೇಲೊಂದಿರುವ ಮೂರು ರಿವೆಟ್ಟುಗಳ ದೂರದ ಅರ್ಧ. ಇದು ಸಾಮಾನ್ಯವಾಗಿ 0.325 ಅಥವಾ 3/8 ಅಂಗುಲವಿದ್ದು, ಯಂತ್ರದ ಸ್ಪ್ರಾಕೆಟ್ಟಿನದೂ ಅಷ್ಟೇ ಇರತಕ್ಕದ್ದು. ಎರಡನೆಯದು ಗೇಜ್, ಎಂದರೆ ಬಾರಿನ ಸೀಳಿನಲ್ಲಿ ಕೂರುವ ಕೊಂಡಿಯ ದಪ್ಪ. ಮೂರನೆಯದು ಆ ಕೊಂಡಿಗಳ ಸಂಖ್ಯೆ. ಹಳೆಯ ಚೈನನ್ನೇ ಅಂಗಡಿಗೆ ಒಯ್ಯುವುದು ಎಲ್ಲಕ್ಕಿಂತ ಸುಲಭ.

ಹಲ್ಲುಗಳಲ್ಲಿ ಎರಡು ಜಾತಿ. ಚೌಕ ಮೂಲೆಯ ಹಲ್ಲು ಶುಚಿಯಾದ ಮರವನ್ನು ಬಹು ವೇಗವಾಗಿ ಕೊಯ್ಯುತ್ತದೆ, ಆದರೆ ಮಣ್ಣು ಸೋಕಿದೊಡನೆ ಮೊಂಡಾಗುತ್ತದೆ. ಬಿದ್ದ ಮರದ ತೊಗಟೆಯಲ್ಲಿ ಕೆಸರು ಮೆತ್ತಿಕೊಂಡಿರುವುದೇ ಹೆಚ್ಚಾದುದರಿಂದ ದುಂಡು ಮೂಲೆಯ ಹಲ್ಲು, ಅಂದರೆ ಸೆಮಿ ಚಿಸೆಲ್ ಎಂಬುದು ಈ ಸೀಮೆಗೆ ತಕ್ಕದ್ದು. ಅದು ತುಸು ನಿಧಾನ, ಆದರೆ ಹೆಚ್ಚು ಹೊತ್ತು ಬಾಳುತ್ತದೆ. ಚಕ್ಕೆಗಳ ಬದಲು ನುಣುಪಾದ ಹಿಟ್ಟು ಉದುರತೊಡಗಿದರೆ ಹಲ್ಲು ಮೊಂಡಾಯಿತೆಂದು ತಿಳಿದು ಅರ ಹಾಕಬೇಕು; 0.325 ಪಿಚ್ಚಿಗೆ 4.8 ಮಿಲಿಮೀಟರಿನ ದುಂಡರ ಸಲ್ಲುತ್ತದೆ. ಮೊಂಡು ಚೈನಿಗೆ ಉದ್ದ ಬಾರಿನಿಂದ ಪರಿಹಾರವಿಲ್ಲ.

ಬಾರಿನ ತುದಿಯ ಮೇಲ್ಭಾಗವು ಮರಕ್ಕೆ ತಗುಲಿದರೆ ಯಂತ್ರವು ಕ್ಷಣಮಾತ್ರದಲ್ಲಿ ಕೊಯ್ಯುವವನ ಮುಖದತ್ತ ಒದೆಯುತ್ತದೆ. ಉದ್ದ ಬಾರಿನ ತುದಿಯು ದಿಮ್ಮಿಯ ಆಚೆ ಮರೆಯಾಗಿ ಕೊಂಬೆಗೆ ತಾಗುವ ಸಂಭವ ಹೆಚ್ಚು. ಬುಡ ಕಿತ್ತು ಬಿದ್ದ ಮರದಲ್ಲಿ ಇನ್ನೊಂದು ಭಯವುಂಟು: ಕಾಂಡವನ್ನು ಕೊಯ್ದು ಬೇರ್ಪಡಿಸಿದೊಡನೆ ಬೇರಿನ ಗಡ್ಡೆಯು ಹಿಂದಕ್ಕೆ ನೆಟ್ಟಗಾಗಬಹುದು. ಆ ಗುಂಡಿಯ ಹತ್ತಿರ ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ನಿಲ್ಲಗೊಡಬಾರದು. ಎರಡು ತುದಿಯೂ ನೆಲಕ್ಕೆ ಊರಿ ನಡುವೆ ತೂಗಿರುವ ದಿಮ್ಮಿಯನ್ನು ಮೇಲಿನಿಂದ ಮೂರರಲ್ಲೊಂದು ಪಾಲು ಕೊಯ್ದು, ಬೆಣೆ ಹೊಡೆದು, ಉಳಿದುದನ್ನು ಕೆಳಗಿನಿಂದ ಕೊಯ್ದರೆ ಬಾರ್ ಸಿಕ್ಕಿಕೊಳ್ಳುವುದಿಲ್ಲ. ಬೀಟೆ, ತೇಗ, ಗಂಧ ಮೊದಲಾದವು ಬಿದ್ದಲ್ಲಿ ಗರಗಸ ಹಾಕುವ ಮೊದಲು ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸುವಂತೆ ಊರಿನ ಮುಖಂಡರು ನೋಡಿಕೊಳ್ಳುವುದು ಒಳ್ಳೆಯದು.

ಹಲಸು ಕೊಯ್ದ ದಿನ ಬಾರಿನ ಸೀಳಿನಲ್ಲಿ ಮೇಣವು ಹೊಟ್ಟಿನೊಡನೆ ಕಟ್ಟಿಕೊಂಡು ಎಣ್ಣೆಯ ರಂಧ್ರವನ್ನು ಮುಚ್ಚುತ್ತದೆ. ಅದನ್ನು ಆ ಸಂಜೆಯೇ ಕೆರೆದು, ಬಾರನ್ನು ಮೇಲುಕೆಳಗಾಗಿ ತಿರುಗಿಸಿ ತೊಡಿಸಿದರೆ ಎರಡಂಚೂ ಸಮನಾಗಿ ಸವೆಯುತ್ತವೆ. ಬಿಸಿಯಿದ್ದಾಗ ಬಿಗಿದ ಚೈನನ್ನು ಇಡುವ ಮುನ್ನ ಸಡಿಲಿಸತಕ್ಕದ್ದು.