ಮೆದುಳಿನ ಬಾವು: ಹಳೆಯ ಔಷಧಿಯಲ್ಲಿ ಹೊಸ ಭರವಸೆ

ಹರಿಹರದ ಸುತ್ತಮುತ್ತ ಬೈಕಿನಿಂದ ಬಿದ್ದು ತಲೆಗೆ ಬಲವಾದ ಏಟಾದವರನ್ನು ಹೆಚ್ಚಾಗಿ ಪಕ್ಕದ ದಾವಣಗೆರೆ ನಗರದ ದೊಡ್ಡ ಆಸ್ಪತ್ರೆಗಳಿಗೆ ಒಯ್ಯುತ್ತಾರೆ. ಐಸಿಯು ಹೊರಗೆ ಕಾದು ಕುಳಿತ ಮನೆಯವರಿಗೆ ವೈದ್ಯರು, "ಮೆದುಳು ಬಾತಿದೆ, ಎರಡು ಮೂರು ದಿನ ಏನೂ ಹೇಳಲಾಗದು" ಎನ್ನುತ್ತಾರೆ. ಗಾಯಕ್ಕೆ ಹೊಲಿಗೆ ಬಿದ್ದ ಮೇಲೂ ಈ ಭಯವೇಕೆ?

ಕಾಲು ಬಾತರೆ ಚರ್ಮ ಹಿಗ್ಗುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿದಂತೆ ಮೆದುಳಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಒತ್ತಡ ತಗ್ಗಿಸಲು ಮ್ಯಾನಿಟಾಲ್ ದ್ರಾವಣ ಕೊಡುತ್ತಾರೆ, ಕೆಲವೊಮ್ಮೆ ಬುರುಡೆಯ ಒಂದು ಭಾಗವನ್ನೇ ತೆಗೆದಿಡುತ್ತಾರೆ. ಆದರೆ ಇವು ಮೆದುಳಿನ ಕೋಶಗಳಿಗೆ ನೀರು ನುಗ್ಗುವ ದಾರಿಯನ್ನು ಮುಚ್ಚುವುದಿಲ್ಲ.

ಆ ದಾರಿ ಯಾವುದು? ಭದ್ರಾ ನಾಲೆಗೆ ತೂಬುಗಳಿರುವಂತೆ ನಮ್ಮ ಜೀವಕೋಶಗಳಿಗೂ ನೀರಿನ ತೂಬುಗಳಿವೆ. ಇವುಗಳ ಹೆಸರು ಅಕ್ವಾಪೊರಿನ್. ಇವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಏಟು ಬಿದ್ದು ಆಮ್ಲಜನಕ ಕಡಿಮೆಯಾದಾಗ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚುತ್ತದೆ. ಅದನ್ನು ಹಿಡಿದುಕೊಂಡ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನು ನೀರಗಂಟಿಯಂತೆ ಕೆಲಸಕ್ಕಿಳಿದು, ಒಳಗಿದ್ದ ತೂಬುಗಳು ಕೋಶದ ಹೊರಮೈಗೆ ಬಂದು ನಿಲ್ಲುವಂತೆ ಮಾಡುತ್ತದೆ. ಆಗ ನೀರು ನುಗ್ಗುತ್ತದೆ.

ಈ ನೀರಗಂಟಿಯನ್ನು ತಡೆದರೆ ಹೇಗೆ? ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದ ರೋಸ್ಲಿನ್ ಬಿಲ್, ಫಿಲಿಪ್ ಕಿಚನ್ ಹಾಗೂ ಸಂಗಡಿಗರು 2020ರಲ್ಲಿ ಈ ಪ್ರಯೋಗದ ಫಲವನ್ನು 'ಸೆಲ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ಟ್ರೈಫ್ಲುಪೆರಜೀನ್. ಮಾನಸಿಕ ಕಾಯಿಲೆಗೆ ದಶಕಗಳಿಂದ ಕೊಡುತ್ತಿರುವ ಔಷಧಿ. ಬೆನ್ನುಹುರಿಗೆ ಗಾಯವಾದ ಇಲಿಗಳಲ್ಲಿ ಅದು ಬಾವನ್ನು ತಡೆಯಿತು. ಔಷಧಿ ಪಡೆದ ಇಲಿಗಳು 2 ವಾರಗಳಲ್ಲಿ ಚೇತರಿಸಿಕೊಂಡರೆ, ಪಡೆಯದವಕ್ಕೆ 6 ವಾರಗಳಿಗೂ ಹೆಚ್ಚು ಬೇಕಾಯಿತು.

ಇದು ಸಂತೋಷದ ಸುದ್ದಿಯೇ. ಆದರೂ ಇಲಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗಲೇಬೇಕೆಂದಿಲ್ಲ. ತಲೆಗೆ ಏಟಾದವರಿಗೆ ಸ್ಟಿರಾಯ್ಡ್ ಒಳ್ಳೆಯದೆಂದು ಬಹುಕಾಲ ನಂಬಲಾಗಿತ್ತು. 10,008 ರೋಗಿಗಳ ಮೇಲೆ ನಡೆದ ಅಂತರರಾಷ್ಟ್ರೀಯ ಪರೀಕ್ಷೆಯ ಫಲ 2004ರಲ್ಲಿ ಹೊರಬಂತು. ಎರಡು ವಾರಗಳೊಳಗೆ ಸ್ಟಿರಾಯ್ಡ್ ಪಡೆದವರಲ್ಲಿ ಶೇ. 21, ಪಡೆಯದವರಲ್ಲಿ ಶೇ. 18 ಮಂದಿ ತೀರಿಕೊಂಡಿದ್ದರು. ಸದುದ್ದೇಶದಿಂದ ಕೊಟ್ಟ ಔಷಧಿಯೇ ಜೀವಕ್ಕೆ ಎರವಾಗಿತ್ತು.

ಆದುದರಿಂದ ಟ್ರೈಫ್ಲುಪೆರಜೀನ್ ಮಾತ್ರೆಯನ್ನು ಯಾರೂ ತಾವಾಗಿ ಕೊಂಡು ಏಟಾದವರಿಗೆ ಕೊಡಬಾರದು. ಅದು ಮಂಪರು ತರಬಹುದು. ಮಂಪರು ಕವಿದರೆ ಅಪಾಯದ ಲಕ್ಷಣವೇ ಮರೆಯಾದೀತು. ಮಾನಸಿಕ ಕಾಯಿಲೆಗಾಗಿ ಇದನ್ನು ಸೇವಿಸುತ್ತಿರುವವರೂ ವೈದ್ಯರನ್ನು ಕೇಳದೆ ಪ್ರಮಾಣ ಬದಲಿಸಬಾರದು.

ಸದ್ಯ ನಮ್ಮ ಕೈಲಿರುವುದು ಸಮಯ. ಏಟಾದವರು ಎದ್ದು ಮಾತನಾಡಿದರೂ ಒಂದು ದಿನ ಕಣ್ಣಿಟ್ಟಿರೋಣ. ಮತ್ತೆ ಮತ್ತೆ ವಾಂತಿ, ಹೆಚ್ಚುವ ತಲೆನೋವು, ಅತಿಯಾದ ತೂಕಡಿಕೆ, ಫಿಟ್ಸ್, ತೊದಲು ಮಾತು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡೋಣ. ಬೈಕ್ ಹತ್ತುವಾಗ ಹೆಲ್ಮೆಟ್ಟಿನ ಪಟ್ಟಿ ಬಿಗಿಯೋಣ.