ಮುಹೂರ್ತದ ಹೊತ್ತಿಗೆ ಕಣ್ಣು ಮುಚ್ಚಿದ ಕ್ಯಾಮೆರಾ

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಒಂದು ಛತ್ರ. ಬೆಳಿಗ್ಗೆ ಎಂಟು ಐವತ್ತು. ವರ ಬಂದು ಮಂಟಪದಲ್ಲಿ ಕೂತಿದ್ದ. ವಾದ್ಯದವರು ಶ್ರುತಿ ಹಿಡಿಯುತ್ತಿದ್ದರು. ನಾನು ಕ್ಯಾಮೆರಾ ಎತ್ತಿ ಗುಂಡಿ ಒತ್ತಿದೆ. ದಿನವೂ ಕೇಳುತ್ತಿದ್ದ ‘ಟಿಕ್’ ಸದ್ದಿನ ಬದಲು ‘ಟಕ್’ ಎಂದು ಏನೋ ತುಂಡಾದ ಹಾಗೆ ಕೇಳಿಸಿತು. ಕಣ್ಣಿಟ್ಟು ನೋಡುವ ಕಿಂಡಿ ಕತ್ತಲಾಯಿತು. ಹಿಂದಿನ ಪರದೆಯ ಮೇಲೆ, ದೋಷವಿದೆ, ಆಫ್ ಮಾಡಿ ಆನ್ ಮಾಡಿ ಎಂಬ ಸಂದೇಶ.

ಅದು ನಾನು ಸ್ವಂತವಾಗಿ ಒಪ್ಪಿಕೊಂಡ ಮೊದಲ ಮದುವೆ.

ಆಗ ನಾನು ಹುಣಸೂರಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೆ. ಎರಡು ವರ್ಷದಿಂದ ಶನಿವಾರ, ಭಾನುವಾರ ಊರಿನ ಸ್ಟುಡಿಯೊ ಅಣ್ಣನ ಜೊತೆ ಮದುವೆಗಳಿಗೆ ಹೋಗಿ ಲೈಟು ಹಿಡಿದು, ವೈರು ಸುತ್ತಿ, ಆಮೇಲೆ ಎರಡನೇ ಕ್ಯಾಮೆರಾ ಹಿಡಿದು ಕೆಲಸ ಕಲಿತಿದ್ದೆ. ಹೊಗೆಸೊಪ್ಪಿನ ಸೀಸನ್ನಿನಲ್ಲಿ ಸೊಪ್ಪು ಕಟ್ಟಿ ದುಡಿದ ಕೂಲಿ, ಅದಕ್ಕೆ ಅಮ್ಮ ಸಂಘದಲ್ಲಿ ತೆಗೆದ ಸಾಲ ಸೇರಿಸಿ 22 ಸಾವಿರಕ್ಕೆ ಹಳೆಯ ಡಿಎಸ್‌ಎಲ್‌ಆರ್ ಕೊಂಡಿದ್ದೆ. ‘ಮೂವತ್ತು ಸಾವಿರ ಕ್ಲಿಕ್ಕೂ ಆಗಿಲ್ಲ, ಹೊಸದರ ಥರ ಇದೆ’ ಎಂದು ಮಾರಿದವರು ಹೇಳಿದ್ದರು. ನಾನೂ ನಂಬಿದ್ದೆ. ಅಣ್ಣನಿಗೆ ಅದೇ ದಿನ ಕೆ.ಆರ್. ನಗರದಲ್ಲಿ ಇನ್ನೊಂದು ಮದುವೆ ಇದ್ದುದರಿಂದ ಬೆಟ್ಟದಪುರದ್ದನ್ನು ನನಗೆ ಬಿಟ್ಟುಕೊಟ್ಟಿದ್ದರು. ಫೋಟೊ, ಆಲ್ಬಂ ಎಲ್ಲ ಸೇರಿ 18 ಸಾವಿರಕ್ಕೆ ಮಾತಾಗಿತ್ತು. ಅಮ್ಮನ ಸಾಲದ ಬಹುಪಾಲು ಅಲ್ಲಿಗೇ ತೀರುತ್ತಿತ್ತು.

ಕ್ಯಾಮೆರಾ ಕೆಟ್ಟಾಗ ನಾನು ಮೊದಲು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಯಾರಿಗೂ ಕಾಣದಂತೆ ಕಂಬದ ಹಿಂದೆ ಹೋಗಿ ನಿಂತೆ. ಆಫ್ ಮಾಡಿದೆ, ಆನ್ ಮಾಡಿದೆ. ಅಂಗೈಯಿಂದ ತಟ್ಟಿದೆ. ಮತ್ತೆ ಆಫ್, ಮತ್ತೆ ಆನ್. ಯಾರಾದರೂ ನೋಡಿದರೆ ಸೆಟ್ಟಿಂಗ್ ಬದಲಿಸುತ್ತಿರುವವನ ಹಾಗೆ ಮುಖ ಮಾಡಿಕೊಂಡೆ. ಹೀಗೆ ಹತ್ತು ನಿಮಿಷ ಕಳೆಯಿತು. ಅತ್ತ ಮಂಟಪದಲ್ಲಿ ವಾದ್ಯ ಜೋರಾಯಿತು, ಮತ್ತೆ ನಿಂತಿತು. ವಿಡಿಯೊದವರು ‘ಫೋಟೊದ ಹುಡುಗ ಇದ್ದಾನಲ್ಲ’ ಎಂದು ವಧುವಿನ ಕೋಣೆಯಲ್ಲಿ ಅಲಂಕಾರದ ದೃಶ್ಯ ತೆಗೆಯುತ್ತಿದ್ದರು. ನಾನು ಕಂಬದ ಹಿಂದೆ ಇದ್ದ ಆ ಹೊತ್ತಿನಲ್ಲೇ ಹೆಣ್ಣಿನ ತಂದೆ ತಾಯಿ ವರನ ಕಾಲು ತೊಳೆಯುವ ಶಾಸ್ತ್ರ ಮುಗಿದುಹೋಗಿತ್ತು.

ಆಮೇಲೆ ಅಣ್ಣನಿಗೆ ಫೋನು ಮಾಡಿದೆ. ಮೂರನೇ ಸಲಕ್ಕೆ ಎತ್ತಿದರು. ಅಲ್ಲಿಯೂ ಓಲಗದ ಸದ್ದು. ‘ಅಣ್ಣಾ, ಕ್ಯಾಮೆರಾ ಹೋಯ್ತು’ ಅಂದೆ. ಬೈಯಲಿಲ್ಲ. ‘ಹೋಯ್ತು ಅನ್ನಬೇಡ, ಏನಾಗಿದೆ ಹೇಳು. ಬ್ಯಾಟರಿ ತೆಗಿ. ಅರ್ಧ ನಿಮಿಷ ಬಿಟ್ಟು ಫುಲ್ ಚಾರ್ಜ್ ಇರೋ ಇನ್ನೊಂದು ಹಾಕು. ಕಾರ್ಡ್ ತೆಗೆದು ನೋಡು. ಆಮೇಲೆ ಲೆನ್ಸ್ ಬಿಚ್ಚಿ, ಲೆನ್ಸ್ ಇಲ್ಲದೆ ಒಂದ್ಸಲ ಒತ್ತು’ ಎಂದರು.

ಈ ಕ್ರಮದಲ್ಲಿ ಒಂದು ಲೆಕ್ಕವಿದೆ ಎಂದು ನನಗೆ ಆಮೇಲೆ ತಿಳಿಯಿತು. ಬ್ಯಾಟರಿಯ ಶಕ್ತಿ ಕುಂದಿದರೂ ಕೆಲವೊಮ್ಮೆ ಕನ್ನಡಿ ಮೇಲೆದ್ದು ಅಲ್ಲೇ ನಿಲ್ಲುತ್ತದೆ. ಲೆನ್ಸ್ ಬಿಚ್ಚಿದ ಮೇಲೆ ದೋಷದ ಸಂದೇಶ ಬರದಿದ್ದರೆ ತೊಂದರೆ ಲೆನ್ಸಿನದು. ಆಗ ಲೆನ್ಸಿನ ಹಿಂಬದಿಯ ಲೋಹದ ಚುಕ್ಕಿಗಳನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸರಿಹೋಗಬಹುದು. ಲೆನ್ಸಿನೊಳಗಿನ ಅಪರ್ಚರ್ ರೆಕ್ಕೆಗಳು ಸಿಕ್ಕಿಕೊಂಡಿದ್ದರೆ, ಅಪರ್ಚರನ್ನು ಪೂರ್ತಿ ತೆರೆದಿಟ್ಟು ಅವತ್ತಿನ ಕೆಲಸ ಮುಗಿಸಿಕೊಳ್ಳಲೂ ಸಾಧ್ಯ. ಆದರೆ ಲೆನ್ಸ್ ಇಲ್ಲದಿದ್ದರೂ ಅದೇ ದೋಷ ಬಂದರೆ ಕಾಯಿಲೆ ಕ್ಯಾಮೆರಾದ ಒಡಲಿನಲ್ಲೇ ಇದೆ ಎಂದರ್ಥ.

ನನ್ನದು ಆ ಕೊನೆಯ ಜಾತಿ. ಕನ್ನಡಿ ಮೇಲಕ್ಕೆ ಅಂಟಿಕೊಂಡಿತ್ತು. ಅದರ ಹಿಂದೆ ಕಾಣುವ ಕಪ್ಪು ತೆಳು ಪಟ್ಟಿಗಳಲ್ಲಿ ಒಂದು ಸೊಟ್ಟಗೆ ಜಾರಿತ್ತು. ಹೇಳಿದೆ. ‘ಬೆರಳು ಇಡಬೇಡ, ಊದಲೂ ಬೇಡ. ಮುಚ್ಚಿ ಬ್ಯಾಗಿಗೆ ಹಾಕು. ಅದರ ಕತೆ ಇವತ್ತಿಗೆ ಮುಗೀತು. ಮದುವೆ ಮನೆಯವರಿಗೆ ಹೇಳಿದ್ಯಾ?’ ಎಂದು ಕೇಳಿದರು. ‘ಇಲ್ಲ’ ಅಂದೆ. ‘ಮೊದಲು ಹೋಗಿ ಹೇಳು. ಒಳ್ಳೆ ಲಗ್ನದ ದಿನ ನಾಲ್ಕು ತಾಲ್ಲೂಕಲ್ಲೂ ಒಂದು ಕ್ಯಾಮೆರಾ ಖಾಲಿ ಇರಲ್ಲ. ಇನ್ನೊಂದು ಕಳಿಸ್ತೀನಿ ಅಂತ ನಾನು ಸುಳ್ಳು ಹೇಳಲ್ಲ. ಅಲ್ಲಿ ಏನಿದೆಯೋ ಅದರಲ್ಲೇ ತೆಗಿ’ ಎಂದು ಫೋನಿಟ್ಟರು.

ಮುಹೂರ್ತಕ್ಕೆ ಅರ್ಧ ಗಂಟೆ ಇತ್ತು. ಹೆಣ್ಣಿನ ತಂದೆಯ ಬಳಿ ಹೋಗಿ, ‘ಯಜಮಾನ್ರೆ, ನನ್ನ ಕ್ಯಾಮೆರಾ ಕೆಟ್ಟೋಗಿದೆ’ ಎಂದೆ. ಪಕ್ಕದಲ್ಲಿದ್ದ ಹುಡುಗಿಯ ಸೋದರಮಾವ, ‘ಆಟ ಆಡ್ತಾ ಇದ್ದೀಯೇನ್ಲಾ? ಈಗ ಬಂದು ಹೇಳ್ತಿದ್ದೀಯಲ್ಲ!’ ಎಂದು ಮೈಮೇಲೇ ಬಂದರು. ಅದು ಸರಿಯಾಗಿಯೇ ಇತ್ತು. ಯಜಮಾನರು ಮಾತ್ರ ಒಂದು ಸಲ ಗಡಿಯಾರ ನೋಡಿದರು. ‘ಕೆಟ್ಟಿದ್ದು ಕೆಟ್ಟೋಯ್ತು. ಈಗೇನು ಮಾಡ್ತೀಯ ಅದನ್ನ ಹೇಳು’ ಎಂದರು. ಅವರು ಬೈದಿದ್ದರೆ ನಾನು ಅತ್ತುಬಿಡುತ್ತಿದ್ದೆನೇನೋ. ಪ್ರಶ್ನೆ ಕೇಳಿದ್ದರಿಂದ ಯೋಚಿಸಬೇಕಾಯಿತು.

ವಿಡಿಯೊದವರನ್ನು ಹುಡುಕಿಕೊಂಡು ಹೋದೆ. ಅವರ ಕ್ಯಾಮೆರಾದಲ್ಲಿ ಫುಲ್ ಎಚ್‌ಡಿ ಅಲ್ಲದೆ 4ಕೆ ತೆಗೆಯುವ ಅನುಕೂಲವೂ ಇತ್ತು. ಫುಲ್ ಎಚ್‌ಡಿ ವಿಡಿಯೊದ ಒಂದು ಚೌಕಟ್ಟಿನಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿರುತ್ತವೆ. ಒಳ್ಳೆಯ ಗುಣಮಟ್ಟದಲ್ಲಿ ಮುದ್ರಿಸಿದರೆ ಆರು ಇಂಚು ಅಗಲ ಮೀರುವುದಿಲ್ಲ. 4ಕೆ ಚೌಕಟ್ಟಿನಲ್ಲಿ ಸುಮಾರು 83 ಲಕ್ಷ. ಹನ್ನೆರಡು ಇಂಚು ಅಗಲದ ಪ್ರಿಂಟಿಗೆ ಸಾಕು. ತಾಳಿ ಕಟ್ಟುವ ಹೊತ್ತಿಗೆ 4ಕೆಗೆ ಬದಲಿಸಿಕೊಳ್ಳಿ ಎಂದು ಬೇಡಿಕೊಂಡೆ. ಕೈಗಳ ಚಲನೆ ಮಸುಕಾಗಬಾರದೆಂದು ಶಟರ್ ವೇಗವನ್ನು 1/50ರಿಂದ 1/100ಕ್ಕೆ ಏರಿಸಿದೆವು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಆ ವೇಗದಲ್ಲಿ ಟ್ಯೂಬ್‌ಲೈಟಿನ ಪಟ್ಟೆಗಳು ಚಿತ್ರದ ಮೇಲೆ ಬರುವುದಿಲ್ಲ. ಅವರಿಗೂ ಕಾರ್ಡಿನಲ್ಲಿ ಜಾಗ ಕಡಿಮೆ ಇತ್ತು. ಆದರೂ ಒಪ್ಪಿದರು.

ಇನ್ನೊಂದು ಕಡೆ ವಧುವಿನ ತಮ್ಮನ ಮೊಬೈಲು ಕೇಳಿ ಪಡೆದೆ. ನನ್ನದಕ್ಕಿಂತ ಅದರ ಕ್ಯಾಮೆರಾ ಚೆನ್ನಾಗಿತ್ತು. ಮೊದಲು ಅದರ ಲೆನ್ಸನ್ನು ಮೆತ್ತನೆ ಬಟ್ಟೆಯಿಂದ ಒರೆಸಿದೆ. ಫ್ಲ್ಯಾಶ್ ಆಫ್ ಮಾಡಿದೆ. ಜೂಮ್ ಮಾಡದೆ ಹತ್ತಿರ ಹೋಗಿ ತೆಗೆಯುವುದು ಎಂದು ತೀರ್ಮಾನಿಸಿದೆ. ಛತ್ರದ ಕಿಟಕಿ ನನ್ನ ಬೆನ್ನಿಗೆ ಬರುವಂತೆ ನಿಂತೆ. ಪುರೋಹಿತರಿಗೆ ವಿಷಯ ಹೇಳಿ, ‘ತಾಳಿ ಎತ್ತಿ ಎಲ್ಲರಿಗೂ ತೋರಿಸುವಾಗ ಎರಡು ಕ್ಷಣ ಹಾಗೇ ನಿಲ್ಲಿಸಿ’ ಎಂದು ಕೇಳಿಕೊಂಡೆ. ಕ್ಯಾಮೆರಾ ಚೆನ್ನಾಗಿದ್ದ ದಿನಗಳಲ್ಲಿ ಇಂಥ ಒಂದು ಮಾತು ಕೇಳುವ ಧೈರ್ಯವೇ ನನಗೆ ಬಂದಿರಲಿಲ್ಲ. ಧಾರೆ, ಮಾಂಗಲ್ಯ, ಸಪ್ತಪದಿ ಎಲ್ಲ ಸಿಕ್ಕವು.

ಮಾರನೇ ದಿನ ಬಸ್ಸು ಹತ್ತಿ ಮೈಸೂರಿಗೆ ಹೋಗಿ ರಿಪೇರಿಯವರಿಗೆ ಕ್ಯಾಮೆರಾ ಕೊಟ್ಟೆ. ವಯಸ್ಸಾದ ಮೆಕ್ಯಾನಿಕ್ ನನ್ನ ಎದುರೇ ಬಿಚ್ಚಿ ತೋರಿಸಿದರು. ಡಿಜಿಟಲ್ ಕ್ಯಾಮೆರಾ ಎಂದರೆ ಎಲ್ಲವೂ ಎಲೆಕ್ಟ್ರಾನಿಕ್ಸ್ ಎಂದುಕೊಂಡಿದ್ದೆ. ಒಳಗೆ ನೋಡಿದರೆ ಸ್ಪ್ರಿಂಗು, ಹಲ್ಲಿನ ಚಕ್ರ, ಸನ್ನೆ! ಗುಂಡಿ ಒತ್ತಿದ ಕೂಡಲೇ ಕನ್ನಡಿ ಮೇಲೇಳಬೇಕು, ಮೊದಲ ಪರದೆ ಸರಿದು ಸೆನ್ಸರಿಗೆ ಬೆಳಕು ಬಿಡಬೇಕು, ಎರಡನೇ ಪರದೆ ಬಂದು ಮುಚ್ಚಬೇಕು, ಕನ್ನಡಿ ಕೆಳಗಿಳಿಯಬೇಕು. ಇಷ್ಟೂ ಒಂದು ಕ್ಷಣದೊಳಗೆ. ಆ ಪರದೆಯ ಒಂದು ಪಟ್ಟಿ ಸವೆದು ಕೀಲಿನಿಂದ ಕಳಚಿಕೊಂಡಿತ್ತು.

‘ಎಷ್ಟು ಕ್ಲಿಕ್ ಆಗಿದೆ ಗೊತ್ತಾ?’ ಎಂದು ಕಂಪ್ಯೂಟರಿಗೆ ಜೋಡಿಸಿ ತೋರಿಸಿದರು. ಒಂದು ಲಕ್ಷ ನಲವತ್ತು ಸಾವಿರ ದಾಟಿತ್ತು. ಆರಂಭಿಕ ಹಂತದ ಡಿಎಸ್‌ಎಲ್‌ಆರ್‌ಗಳ ಶಟರ್ ಸಾಮಾನ್ಯವಾಗಿ ಒಂದು ಲಕ್ಷದ ಆಸುಪಾಸಿನ ಕ್ಲಿಕ್ಕಿಗೆಂದು ಮಾಡಿದ್ದು. ಒಂದು ಮದುವೆಗೆ ಎರಡೂವರೆ ಸಾವಿರ ಕ್ಲಿಕ್ ಹಿಡಿದರೆ ನಲವತ್ತು ಮದುವೆಗೆ ಅದರ ಆಯುಸ್ಸು ಮುಗಿಯಿತು. ಅದಾದ ಮೇಲೂ ಓಡಬಹುದು, ಆದರೆ ಭರವಸೆ ಇಟ್ಟುಕೊಳ್ಳುವಂತಿಲ್ಲ. ನನ್ನ ಕ್ಯಾಮೆರಾ ಹಠಾತ್ತನೆ ಕೆಟ್ಟದ್ದಲ್ಲ. ನಾನು ಕೊಂಡ ದಿನವೇ ಅದು ಮುದಿಯಾಗಿತ್ತು. ಶಟರ್ ಬದಲಿಸಲು ಏಳೂವರೆ ಸಾವಿರವಾಯಿತು.

ಹಳೆಯ ಕ್ಯಾಮೆರಾ ಕೊಳ್ಳಬೇಕೆಂದಿರುವ ಗೆಳೆಯರಿಗೆ ಇಷ್ಟು ಹೇಳಬಲ್ಲೆ. ಕ್ಲಿಕ್ಕಿನ ಎಣಿಕೆ ನೋಡದೆ ದುಡ್ಡು ಕೊಡಬೇಡಿ. ಕೆಲವು ಕಂಪನಿಗಳ ಕ್ಯಾಮೆರಾದಲ್ಲಿ ಅದು ಫೋಟೊ ಫೈಲಿನೊಳಗೇ ಇರುತ್ತದೆ, ಇನ್ನು ಕೆಲವನ್ನು ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಶಟರ್ ವೇಗವನ್ನು ಅತಿ ಹೆಚ್ಚಿಗೆ ಇಟ್ಟು ಬಿಳಿ ಗೋಡೆಯ ಫೋಟೊ ತೆಗೆಯಿರಿ. ಚಿತ್ರದ ಒಂದು ಅಂಚು ಕಪ್ಪಾಗಿ ಬಂದರೆ ಪರದೆ ಸೋಲುತ್ತಿದೆ ಎಂದು ತಿಳಿಯಿರಿ. ಹೊಸದನ್ನು ಕೊಳ್ಳುವವರು ಬಿಲ್ಲು, ವಾರಂಟಿ ಕಾರ್ಡು ಜೋಪಾನ ಮಾಡಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಮ್ಮ ಕಡೆ ದೂಳಿನ ಕಾಟವೂ ಕಮ್ಮಿಯಿಲ್ಲ. ಕಣದ ದೂಳು, ಹೊಗೆಸೊಪ್ಪಿನ ದೂಳು, ಮದುವೆ ಮನೆಯ ಅರಿಶಿನ ಎಲ್ಲವೂ ಯಂತ್ರಕ್ಕೆ ವೈರಿಗಳೇ. ಮಂಟಪದ ಹತ್ತಿರ ಲೆನ್ಸ್ ಬದಲಿಸಬೇಡಿ. ಎಚ್.ಡಿ. ಕೋಟೆಯ ಗೆಳೆಯನೊಬ್ಬ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಸಿಕೊಂಡ ಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತಾನೆ. ಅದು ದುಬಾರಿಯಲ್ಲ.

ಒಂದೂವರೆ ತಿಂಗಳಿಗೆ ಆಲ್ಬಂ ಕೊಡಲು ಬೆಟ್ಟದಪುರಕ್ಕೆ ಹೋದೆ. ಮೊದಲೇ ಹೇಳಿದಂತೆ ಮೂರು ಸಾವಿರ ಕಡಿಮೆ ತೆಗೆದುಕೊಂಡೆ. ಮನೆಮಂದಿ ಸುತ್ತ ಕೂತು ಹಾಳೆ ತಿರುವಿದರು. ಮೊಬೈಲಿನ ಫೋಟೊ ಯಾವುದು, ವಿಡಿಯೊದಿಂದ ಕಿತ್ತ ಫೋಟೊ ಯಾವುದು ಎಂದು ಯಾರೂ ಕೇಳಲಿಲ್ಲ. ಯಜಮಾನರು ಮಾತ್ರ ಎರಡು ಸಲ ಮೊದಲಿಂದ ತಿರುವಿ, ‘ಕಾಲು ತೊಳೆದಿದ್ದು ಎಲ್ಲಿ ಮಗ?’ ಎಂದರು.

‘ಅದು ಇಲ್ಲ. ಆಗ ನಾನು ಕಂಬದ ಹಿಂದೆ ಇದ್ದೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಆಲ್ಬಂ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಒಳಗಿನಿಂದ ಕಾಫಿ ಬಂತು.

ಆ ಫೋಟೊ ಹೋದದ್ದು ಕ್ಯಾಮೆರಾದಿಂದಲ್ಲ. ಕೆಟ್ಟ ಮರುನಿಮಿಷವೇ ಹೇಳಿದ್ದರೆ ಯಾರದಾದರೂ ಮೊಬೈಲಿನಲ್ಲಿ ಅದೂ ಸಿಗುತ್ತಿತ್ತು. ಪಟ್ಟಿ ಸವೆದದ್ದಕ್ಕೆ ಏಳೂವರೆ ಸಾವಿರ ಕೊಟ್ಟು ಮುಗಿಸಿದೆ. ಹತ್ತು ನಿಮಿಷ ಮುಚ್ಚಿಟ್ಟದ್ದಕ್ಕೆ ಏನು ಕೊಟ್ಟರೂ ಮುಗಿಯಲಿಲ್ಲ.

ಈಗ ಡಿಗ್ರಿ ಮುಗಿದಿದೆ. ಕೆಲಸಕ್ಕೆ ಅರ್ಜಿ ಹಾಕುತ್ತಾ, ಪರೀಕ್ಷೆಗೆ ಓದುತ್ತಾ, ಲಗ್ನ ಇದ್ದ ದಿನ ಮದುವೆಗೆ ಹೋಗುತ್ತೇನೆ. ಬ್ಯಾಗಿನಲ್ಲಿ ಬಾಡಿಗೆಗೆ ತಂದ ಇನ್ನೊಂದು ಕ್ಯಾಮೆರಾ ಇಲ್ಲದೆ ಮನೆ ಬಿಡುವುದಿಲ್ಲ. ಕಳೆದ ತಿಂಗಳು ಒಂದು ಫೋನು ಬಂತು. ಬೆಟ್ಟದಪುರದ ಯಜಮಾನರು. ಎರಡನೇ ಮಗಳಿಗೆ ಗಂಡು ಗೊತ್ತಾಗಿದೆಯಂತೆ.

‘ನೀನೇ ಬಾ ಮಗ’ ಎಂದರು. ‘ಈ ಸಲ ಕಾಲು ತೊಳೆಯೋದು ಬಿಡಬೇಡ.’