ಕಿಡಿಗೂ ಅಂಜಬೇಕು, ತೇವಕ್ಕೂ ಅಂಜಬೇಕು: ಮದ್ದಿನ ಮನೆಯ ಕಥೆ

ಮಲ್ಲಟ, ಮಾನ್ವಿ, ದೇವದುರ್ಗದ ಸೀಮೆಗೆ ತೋಪಿನ ಸದ್ದು ಹಳೆಯದು. 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ ಕಾದಾಡಿದಾಗ ಸುಲ್ತಾನನ ಕಡೆ ತೋಪುಗಳ ಸಾಲೇ ಇತ್ತು. ವಿಜಯನಗರದ ಪರವಾಗಿ ಪೋರ್ಚುಗೀಸ್ ಕೋವಿಗಾರರು ಗುರಿಯಿಟ್ಟಿದ್ದರು. ತೋಪು ಬಂದ ಮೇಲೆ ಕೋಟೆಗಳಿಗೆ ಹೊಸದೊಂದು ಚಿಂತೆಯೂ ಅಂಟಿಕೊಂಡಿತು: ಮದ್ದನ್ನು ಎಲ್ಲಿಡುವುದು?

ಪೆಟ್ಲುಪ್ಪು, ಇದ್ದಿಲು, ಗಂಧಕ. ಮದ್ದು ಎಂದರೆ ಇಷ್ಟೇ. ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು. ಅದನ್ನು ಸರಿಯಾಗಿ ಶುದ್ಧಿ ಮಾಡದಿದ್ದರೆ ಅದರಲ್ಲಿ ಉಳಿದ ಬೇರೆ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ. ತೇವ ಹಿಡಿದ ಮದ್ದು ಹೊತ್ತುವುದಿಲ್ಲ. ಒಣಗಿದ ಮದ್ದಿಗೆ ಒಂದು ಕಿಡಿ ಸಾಕು.

ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಅರೆಯುತ್ತಿದ್ದ ಭಾರಿ ಬೀಸುಕಲ್ಲುಗಳು ಇಂದಿಗೂ ಇವೆ. ಬಯಲುಸೀಮೆಯ ಕೋಟೆಗೆ ಕಿಡಿಯ ಭಯವೇ ಹೆಚ್ಚು. ಕರಾವಳಿಯಲ್ಲಿ ಹಾಗಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನುವ ಕಾಸರಗೋಡಿನ ಬೇಕಲ ಕೋಟೆಯನ್ನು ಕಡಲು ಬಳಸಿಕೊಂಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿ ಬಿಡುವುದಿಲ್ಲ. ಅಲ್ಲಿ ಮದ್ದಿಗೆಂದೇ ಪ್ರತ್ಯೇಕ ಕಟ್ಟಡವಿದೆ. ಮಂಗಳೂರಿನ ಬೋಳೂರಿನಲ್ಲಿ ಗುರುಪುರ ನದಿಯ ದಂಡೆಗೆ 1784ರಲ್ಲಿ ಟಿಪ್ಪು ಎಬ್ಬಿಸಿದ ಸುಲ್ತಾನ್ ಬತ್ತೇರಿಯಲ್ಲಿ ಮದ್ದಿನ ಜಾಗ ನೆಲದಡಿಗೆ ಇಳಿದಿದೆ.

ನೆಲದೊಳಗಿಟ್ಟರೆ ಶತ್ರುವಿನ ಗುಂಡು ತಾಗದು, ತಂಪೂ ಇರುತ್ತದೆ. ಆದರೆ ತೇವ ಹೆಚ್ಚು. ಗಾಳಿಗೆ ಕಿಂಡಿ ಬಿಟ್ಟರೆ ತೇವ ಇಳಿಯುತ್ತದೆ; ಆದರೆ ಕಿಡಿಗೂ ದಾರಿಯಾಗುತ್ತದೆ. ಈ ಜಗ್ಗಾಟವೇ ಮದ್ದಿನ ಮನೆಯ ರೂಪ ತಿದ್ದಿತು. ಯುರೋಪಿನ ಶಿಲ್ಪಿಗಳು ದಪ್ಪ ಗೋಡೆಯಲ್ಲಿ ಗಾಳಿಕಿಂಡಿಯನ್ನು ನೇರವಾಗಿ ಬಿಡದೆ ಡೊಂಕಾಗಿ ತಿರುಗಿಸಿದರು: ಗಾಳಿ ಸುಳಿಯುತ್ತದೆ, ಕಿಡಿ ಒಳಗೆ ತಲುಪದು. ಪೀಪಾಯಿಗಳನ್ನು ನೆಲಕ್ಕೆ ತಾಗದಂತೆ ಮರದ ಅಟ್ಟಣೆಯ ಮೇಲಿಟ್ಟರು. ಉಕ್ಕಿನ ಉಪಕರಣ ಕಲ್ಲಿಗೆ ತಗುಲಿದರೆ ಕಿಡಿ ಹಾರುತ್ತದೆಂದು ತಾಮ್ರ, ಮರದವನ್ನೇ ಬಳಸಿದರು. ಮೊಳೆ ಹೊಡೆದ ಜೋಡು ಬಾಗಿಲ ಹೊರಗೇ ಉಳಿಯಿತು.

ಮೇಲಿನಿಂದ ಬರುವ ಕಿಡಿಗೆ ಮಾತ್ರ ಮದ್ದಿರಲಿಲ್ಲ. 1769ರಲ್ಲಿ ಇಟಲಿಯ ಬ್ರೆಶಿಯಾದಲ್ಲಿ ಮದ್ದು ತುಂಬಿದ್ದ ಕಟ್ಟಡಕ್ಕೆ ಸಿಡಿಲು ಬಡಿದು ಊರಿನ ಒಂದು ಭಾಗವೇ ನೆಲಸಮವಾಯಿತು. ಇಂಗ್ಲೆಂಡಿನ ಪರ್‌ಫ್ಲೀಟ್‌ನ ಮದ್ದಿನ ಉಗ್ರಾಣಗಳಿಗೆ ಚೂಪಾದ ಸಿಡಿಲುಕಂಬ ನೆಡಬೇಕೆಂದು ಬೆಂಜಮಿನ್ ಫ್ರಾಂಕ್ಲಿನ್ ಇದ್ದ ಸಮಿತಿ 1772ರಲ್ಲಿ ಹೇಳಿತು.

ಶ್ರೀರಂಗಪಟ್ಟಣದಲ್ಲಿ ಕಿಡಿ ಬಂದದ್ದು ಎದುರಾಳಿಯ ತೋಪಿನಿಂದ. 1799ರ ಮೇ 2ರಂದು ಬ್ರಿಟಿಷರ ಗುಂಡೊಂದು ರಾಕೆಟ್‌ಗಳ ಸಂಗ್ರಹಕ್ಕೆ ಬಿದ್ದು ಭಾರಿ ಸ್ಫೋಟವಾಯಿತು. ಎರಡೇ ದಿನಗಳಲ್ಲಿ ಕೋಟೆ ಬಿತ್ತು.

ಆದರೆ ಇಟ್ಟಿಗೆ, ಗಾರೆಯಲ್ಲಿ ಕಟ್ಟಿ ಅರ್ಧ ನೆಲದೊಳಗೆ ಹುದುಗಿಸಿದ್ದ ಅಲ್ಲಿನ ಮದ್ದಿನ ಮನೆಗಳಲ್ಲಿ ಹಲವು ಉಳಿದುಕೊಂಡವು. ಅವುಗಳಲ್ಲೊಂದು ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡ ಬಂದಾಗ, ರೈಲ್ವೆಯವರು ಕೆಡವಲಿಲ್ಲ. 2017ರಲ್ಲಿ ಅಡಿಪಾಯದ ಸುತ್ತ ಅಗೆದು, ಜಾಕಿ ಕೊಟ್ಟು ಎತ್ತಿ, ಇಡೀ ಕಟ್ಟಡವನ್ನು ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಅದು ನಿಂತಿದ್ದ ಜಾಗದಲ್ಲಿ ಈಗ ರೈಲು ಓಡುತ್ತದೆ.